ತೊಟ್ಟಿಲಿನ ಐದನೆಯ ಹೆಸರು

ಶ್ರೀರಾಂಪುರ
ಭಾನುವಾರ

ಮನೆ ಮಾಲೀಕರಾದ ಸರ್ವಮಂಗಳಮ್ಮನವರಿಗೆ,

ಮಹಡಿ ಮನೆ ಖಾಲಿ ಮಾಡಿದ್ದೇವೆ. ಬೀಗದ ಕೈ ಈ ಪತ್ರದ ಜೊತೆಗಿದೆ. ನಲ್ಲಿ, ಸ್ವಿಚ್ಚು, ಕಿಟಕಿ ಗಾಜು ಎಲ್ಲ ಸರಿಯಾಗಿವೆ, ಅನುಮಾನವಿದ್ದರೆ ನೋಡಿಕೊಳ್ಳಿ.

ನಾಮಕರಣಕ್ಕೆಂದು ನೀವಾಗಿಯೇ ತೊಟ್ಟಿಲು ಕೊಟ್ಟಿರಿ. ಹಲಗೆಯ ಮೇಲೆ ಕೆತ್ತಿದ್ದ ನಿಮ್ಮ ನಾಲ್ವರು ಮೊಮ್ಮಕ್ಕಳ ಹೆಸರು ತೋರಿಸಿ, "ನಿನ್ ಮಗೂದೂ ಕೆತ್ತಿಸೋಣ ಕಣಮ್ಮ" ಎಂದಿರಿ. ನನ್ನ ಗಂಡ ವಸಂತ್ ಮಗುವಿನ ಕಿವಿಯಲ್ಲಿ ನಮ್ಮ ಮನೆದೇವರ ಹೆಸರು, ಸಿದ್ದಪ್ಪಾಜಿ, ಎಂದು ಹೇಳಿದ್ದೇ ತಡ, ನೀವು ಪಾಯಸದ ಲೋಟ ಕೆಳಗಿಟ್ಟಿರಿ.

"ವಸಂತ್, ನಯನಾ ಅಂತಿದ್ದದ್ದಕ್ಕೆ ನಮ್ಮೋರೇ ಅಂದ್ಕೊಂಡ್ಬುಟ್ಟಿದ್ವಿ ಕಣ್ರೀ. ಇದು ಆ ಜನ ಇಡೋ ಹೆಸರಲ್ವಾ?"

ಮಾರನೆಯ ದಿನವೇ ಮನೆ ಬಿಡಲು ಹೇಳಿದಿರಿ. ತೊಟ್ಟಿಲು ವಾಪಸು ತಂದರೆ, "ನೀವೇ ಇಟ್ಕೊಳ್ಳಿ, ಇನ್ನು ನಮ್ಗದು ಆಗ್ಬರಲ್ಲ" ಎಂದು ಬಾಗಿಲು ಹಾಕಿಕೊಂಡಿರಿ.

ನೀವು ಹೇಳಿದ ಆ ಜನಕ್ಕೆ ಬೇರೆಯವರ ವಸ್ತು ಇಟ್ಟುಕೊಂಡು ಅಭ್ಯಾಸವಿಲ್ಲ. ತೊಟ್ಟಿಲು ನಿಮ್ಮ ವರಾಂಡದಲ್ಲಿದೆ. ನಿಮ್ಮ ಮಾತಿನಂತೆಯೇ ಐದನೆಯ ಹೆಸರನ್ನೂ ಕೆತ್ತಿಸಿದ್ದೇನೆ. ಆಳವಾಗಿ ಕೆತ್ತಲು ಬಡಗಿಗೆ ಹೇಳಿದ್ದೆ, ಬಣ್ಣ ಬಳಿದರೂ ಮುಚ್ಚುವುದಿಲ್ಲ.

ಮುಂದಿನ ಮೊಮ್ಮಗುವಿನ ಹೆಸರಿಗೆ ಅದರ ಕೆಳಗೆ ಜಾಗ ಬಿಡಿಸಿದ್ದೇನೆ.

ಇತಿ,
ಸಿದ್ದಪ್ಪಾಜಿಯ ತಾಯಿ
ನಯನಾ