ಶನಿವಾರದ ಕೂಟಕ್ಕೆ ಬಂದ ಹೊಸಬರು

ಗಿರಿಜಕ್ಕಾ,

ಇದನ್ನು ಓದಿದ್ದರೆ ನೀನು "ಏ ನಂಜಿ, ಮತ್ತೆ ಶುರುವಾಯಿತಾ ನಿನ್ನ ಗೋಳು?" ಎಂದು ಗದರುತ್ತಿದ್ದೆ. ಗದರು, ಯಾರು ಬೇಡವೆಂದರು? ನೀನು ಹೋದ ಮೇಲೆ ಈ ಊಟಿಯಲ್ಲಿ ನನ್ನನ್ನು ಗದರುವವರೂ ಇಲ್ಲ.

ಮದರಾಸಿನ ಕಾಲೇಜು ಹಾಸ್ಟೆಲಿಗೆ ನಾನು ಬಂದ ದಿನ ನೆನಪಿದೆಯಾ? ಊಟಿ ಪಕ್ಕದ ಸೋಲೂರಿನ ಚಳಿ ಬಿಟ್ಟು ಬೇರೇನೂ ಕಾಣದವಳು, ಬೆವರು ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದೆ. ನೀನು ಹಿರಿಯ ತರಗತಿಯವಳು, ನಮ್ಮ ಬೆಟ್ಟದವಳೇ, ಕಲ್ಲಟ್ಟಿ ಕಡೆಯವಳು ಎಂದು ಯಾರೋ ಹೇಳಿದರು. ಸರಿ, ನಮ್ಮ ಹಟ್ಟಿಯಲ್ಲಿ ಹಿರಿಯರನ್ನು ಕಂಡಾಗ ಮಾಡುವಂತೆ ನಿನ್ನ ಮುಂದೆ ತಲೆ ಬಾಗಿಸಿ ನಿಂತುಬಿಟ್ಟೆ. ಬಯಲಿನ ಹುಡುಗಿಯರು "ಇದೇನಿದು, ಹಾಯಲು ಬಂದ ಟಗರಾ?" ಎಂದು ಬಿದ್ದು ಬಿದ್ದು ನಕ್ಕರು. ನೀನು ನಗಲಿಲ್ಲ. ನನ್ನ ನೆತ್ತಿಯ ಮೇಲೆ ಕೈಯಿಟ್ಟು, "ಒಂದು ಸಾವಿರ ಆಗಲಿ, ಒಳ್ಳೇದಾಗಿ ಬಾಳು" ಎಂದು ನಮ್ಮ ಹಟ್ಟಿಯ ಹಿರಿಯರಂತೆಯೇ ಹರಸಿದೆ. ಆಮೇಲೆ ಅವರ ಕಡೆ ತಿರುಗಿ, "ನಿಮಗೂ ಬೇಕಾ? ಬನ್ನಿ" ಎಂದು ಕರೆದೆ.

ನಮ್ಮ ಅಕ್ಕತಂಗಿಯರ ಕೂಟ ಹುಟ್ಟಿದ್ದು ಹಾಗೆ. ಊಟಕ್ಕೆ ಕೂತರೆ ಒಬ್ಬಳ ಪಕ್ಕ ಇನ್ನೊಬ್ಬಳು ಕೂರದ ಕಾಲ ಅದು. ನೀನು ಮಾಡಿದ್ದು ಒಂದೇ ನಿಯಮ: ಕೂಟಕ್ಕೆ ಮೊದಲು ಬಂದವಳು ಅಕ್ಕ, ಆಮೇಲೆ ಬಂದವಳು ತಂಗಿ. ಅಕ್ಕನ ಕೈ ನೆತ್ತಿಗೆ ಮುಟ್ಟದೆ ಯಾರೂ ಒಳಗಿನವರಲ್ಲ. ಕುಂಭಕೋಣದ ಅಯ್ಯರ್ ಹುಡುಗಿ ಪಾಳಯಂಕೋಟೆಯ ಕ್ರಿಶ್ಚಿಯನ್ ಹುಡುಗಿಗೆ ತಲೆ ಬಾಗಿಸಿದ ಆ ಸಂಜೆ... ನಿನ್ನ ಮುಖ ನೋಡಬೇಕಿತ್ತು!

ನೀನು ಟೀಚರಾಗಿ ಊಟಿಗೆ ಮರಳಿದ ಮೇಲೆ ಇಲ್ಲೊಂದು ಶಾಖೆ ತೆರೆದೆ. ಬೇಸಿಗೆ ರಜೆಗೆ ಬೆಟ್ಟ ಹತ್ತಿ ಬಂದ ಹುಡುಗಿಯರು, ಮಾರ್ಕೆಟ್ಟಿನ ಹಿಂದಿನ ನಿನ್ನ ಕೋಣೆ, ಕೆಂಡದಲ್ಲಿ ಸುಟ್ಟ ಆಲೂಗಡ್ಡೆ. ಒಮ್ಮೆ ನನ್ನ ಅವ್ವೆ ಬಂದು, "ಹೆಣ್ಣುಗ ಕೂಡಿ ಏನ ಮಾಡಿಯಾರ?" ಎಂದು ಕೇಳಿದ್ದಳು. "ತಿನ್ನೋದೇ ಕೆಲಸ ಅವ್ವೆ, ನೀನೂ ಕೂರು" ಎಂದು ನೀನು ತಟ್ಟೆ ಕೊಟ್ಟೆ. ಅವಳೂ ಕೂತು ತಿಂದಳು.

ಆಮೇಲೆ ಒಬ್ಬೊಬ್ಬರಿಗೂ ಮದುವೆ. ಒಬ್ಬಳು ದೂರ ಹೋದಳು, ಇನ್ನೊಬ್ಬಳನ್ನು ಗಂಡ ಕಳಿಸಲಿಲ್ಲ. ಕೊನೆಗೆ ನೀನು, ಆ ಹಾಳು ಕೆಮ್ಮು... ಯಾಕಕ್ಕಾ ಅಷ್ಟು ಅವಸರ? ಪ್ರತಿ ಶನಿವಾರ ನಿನ್ನ ಕೋಣೆಯ ಬಾಗಿಲು ತೆರೆದು ನಾನೊಬ್ಬಳೇ ಕೂತೆ. ಬೇಸರಕ್ಕಿಂತ ಭಯವೇ ಹೆಚ್ಚು. ಒಬ್ಬಳೇ ಇದ್ದರೆ ಅದು ಕೂಟ ಹೇಗಾದೀತು? ಮದರಾಸಿನ ಕೂಟದವರೂ ಅದನ್ನೇ ಹೇಳಿ ಕಳಿಸಿದರು: ಈ ಬೇಸಿಗೆಯಲ್ಲೂ ಹೊಸಬರು ಯಾರೂ ಸೇರದಿದ್ದರೆ ಊಟಿ ಶಾಖೆಯನ್ನು ಮುಚ್ಚಿಬಿಡೋಣ.

ಕಳೆದ ಶನಿವಾರ ಒಬ್ಬರು ಬಂದರು. ಮಲ್ಲಮ್ಮ ಅಂತ, ನಮ್ಮ ಬೆಟ್ಟದ ವೀರಶೈವರ ಮನೆಯವರು. ಅರವಂಕಾಡಿನ ಸಿಡಿಮದ್ದಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ತಮ್ಮನ ಜೊತೆ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಓದಿ ಯೂನಿವರ್ಸಿಟಿ ಪರೀಕ್ಷೆಗೆ ಕಟ್ಟಿದವರು. ನನಗೋ ಹಿಡಿಸಲಾರದ ಖುಷಿ. ಕೈಯೆತ್ತಿ ಹರಸಬೇಕಾದವಳು ನಾನು ತಾನೇ? ಆದರೆ ಅವರ ಕಿವಿಯ ಮೇಲಿನ ನರೆಗೂದಲು ಕಂಡಿತು ನೋಡು, ಹಟ್ಟಿಯಲ್ಲಿ ಬೆಳೆದ ಕತ್ತು ನನ್ನ ಮಾತು ಕೇಳಬೇಕಲ್ಲ! ತಾನಾಗಿ ಬಾಗಿತು. ಎದುರಿಗೆ ಕಿರಿಯಳ ತಲೆ ಬಾಗಿದರೆ ಅವರಾದರೂ ಸುಮ್ಮನಿರುತ್ತಾರಾ? ನೆತ್ತಿಯ ಮೇಲೆ ಕೈಯಿಟ್ಟು ಹರಸಿಯೇಬಿಟ್ಟರು. ಅವ್ವೆಯೂ ಇಲ್ಲ, ನೀನೂ ಇಲ್ಲ. ನನ್ನ ತಲೆ ಮುಟ್ಟಿ ಹರಸುವವರು ಯಾರಿದ್ದರು ಹೇಳು? ಗೊಳೋ ಎಂದು ಅತ್ತುಬಿಟ್ಟೆ.

ಅವರಿಗೆ ಗಾಬರಿ. "ಏನಾತು ಮಗು? ನಾ ಏನ ತಪ್ಪು ಮಾಡಿದೆ?" ಎಂದರು. ನಿಯಮ ಹೇಳಿದೆ. "ಹಂಗಾರೆ ಈಗ ನಾ ಬಾಗಲಾ?" ಎಂದು ತಲೆಯ ಸೆರಗು ಸರಿಸಿಕೊಂಡರು. ಹರಸಿದ ಹಿರಿಯರ ತಲೆಯ ಮೇಲೆ ಕೈಯಿಡಲಾ ನಾನು? ಆಗಲಿಲ್ಲ ಅಕ್ಕಾ, ಕೈ ಏಳಲಿಲ್ಲ. "ಬೇಡಿ, ನೀವು ಸೇರಿದ ಹಾಗೇ" ಎಂದೆ. ಮದರಾಸಿಗೂ ಹಾಗೇ ಹೇಳಿ ಕಳಿಸಿದ್ದೇನೆ. ಶಾಖೆ ಮುಚ್ಚುವುದಿಲ್ಲ.

ನಿನ್ನ ನಿಯಮ ಮುರಿದವಳು ನಾನೇ, ಬೇರೆ ಯಾರೂ ಅಲ್ಲ. ನಮ್ಮ ಶಾಖೆಯಲ್ಲಿ ಈಗ ಕೊನೆಗೆ ಬಂದವರೇ ಹಿರಿಯರು. ಅವತ್ತೆಲ್ಲ ಅವರನ್ನು "ನೀವು, ತಾವು" ಎಂದೇ ಮಾತಾಡಿಸಿದೆ. ನಿನ್ನನ್ನು ಕರೆದಂತೆ ಇನ್ನೊಬ್ಬರನ್ನು ಕರೆಯಲು ಬಾಯಿ ಬರಲಿಲ್ಲ. ನಾಳೆ ಮತ್ತೆ ಶನಿವಾರ. ಅವರು ಬಂದ ಕೂಡಲೇ "ಬಾ ಅಕ್ಕಾ" ಎನ್ನುತ್ತೇನೆ. ಕೋಪ ಮಾಡಿಕೊಳ್ಳಬೇಡ.

ನಿನ್ನ
ನಂಜಿ