ಗಾಯದ ಬಳ್ಳಿಯ ವಿಳಾಸ

ಮಾರ್ಚ್ 4, ತಿರುವನಂತಪುರ. ಬೆಳಗ್ಗೆ 7

ಗಿಡ ಒಣಗಿಸುವ ಬ್ಲಾಟರ್ ಕಾಗದ ಬದಲಿಸಿದೆ. ಗಾಯದ ಬಳ್ಳಿ ಒಣಗಿದೆ—ಇನ್ನು ನಮ್ಮ ಸಸ್ಯಸಂಗ್ರಹದ ಹಾಳೆಗೆ ಹೊಲಿದು ಲೇಬಲ್ ಬರೆಯುವುದು. ತರಲು ಹೋದದ್ದು ಆಲುವದಿಂದ ಎರಡು ಗಂಟೆ ಜೀಪು, ಆಮೇಲೆ ಗುಡ್ಡಕ್ಕೆ ಕಾಲ್ನಡಿಗೆ. ಆ ಗುಡ್ಡದಲ್ಲಿ ಎರಡೇ ಕಡೆ ಬೆಳೆಯುತ್ತದೆ. ತೋರಿಸಿದವಳು ನಿರ್ಮಲ ಚೇಚಿ—ಇಲ್ಲಿ ಅಕ್ಕನಿಗೆ ಹಾಗನ್ನುತ್ತಾರೆ—ನಾಟಿವೈದ್ಯೆ. “ಸಾರೇ, ಮದ್ದು ಬರೆದುಕೊಳ್ಳಿ. ಜಾಗ ಬರೀಬೇಡಿ.” ಎದೆ ತಟ್ಟಿ, ಕಾಡೇ ಅದುರುವಂತೆ ಆಣೆ ಇಟ್ಟು ಬಂದಿದ್ದೆ!

ಆದರೆ ಜಿಪಿಎಸ್ ಇಲ್ಲದ ಲೇಬಲ್ಲೇ? ಮೂವತ್ತು ವರ್ಷದ ಅಭ್ಯಾಸ. ಬರೆದೆ. ಗುಡ್ಡದಲ್ಲಿ ಇನ್ನೊಂದು ಕಡೆಯೂ ಇದೆ ಎಂದು ಸೇರಿಸಿದೆ. ಬೀರುವಿನೊಳಗಿನ ಹಾಳೆ, ಯಾರು ನೋಡುತ್ತಾರೆ...

ಮಾರ್ಚ್ 19

ಸ್ಕ್ಯಾನಿಂಗ್ ನೋಡಿಕೊಳ್ಳುವ ಆಯೇಷಾ ಬಾಗಿಲಲ್ಲಿ. “ಸರ್, ಆ ಶೀಟ್ ವೆಬ್‌ಸೈಟಿಗೆ ಹೋಗಿ ಹತ್ತು ದಿನ ಆಯ್ತು. ಜಾಗ ಮುಚ್ಚಿಡಬೇಕು ಅಂತ ನೀವು ಹೇಳಲೇ ಇಲ್ಲ?”

ತೆಗೆಸಿದೆ. ಚೇಚಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ.

ಮಾರ್ಚ್ 27, ಕೊಚ್ಚಿ. ಆಸ್ಪತ್ರೆ

ನಾಲ್ವರು ಗುಡ್ಡ ಹತ್ತಿದ್ದರಂತೆ. ಜೀಪು, ಗುದ್ದಲಿ, ಮಚ್ಚು. ಮೊದಲ ಜಾಗದ ಬಳ್ಳಿ ಬೇರುಸಮೇತ ಮಾಯ. ಅಡ್ಡ ನಿಂತ ಚೇಚಿಯ ಬಲಗೈಯಲ್ಲಿ ಮೂರು ಬೆರಳಿಲ್ಲ. ನಾಡಿ ಹಿಡಿಯುವ ಬೆರಳುಗಳು!

“ಅವರ ಫೋನಲ್ಲಿ ನಿಮ್ಮ ಕಾಗದ ಇತ್ತು, ಸಾರೇ. ನಿಮ್ಮದೇ ಕೈಬರಹ,” ಎಂದಳು ಚೇಚಿ.

ಅವಳ ತಮ್ಮ ದಾಮೋದರ ಕಾಲರ್ ಹಿಡಿದು ನನ್ನನ್ನು ಗೋಡೆಗೆ ಅಪ್ಪಳಿಸಿದ. ಒಮ್ಮೆ. ಮತ್ತೊಮ್ಮೆ. ಹಲ್ಲೊಂದು ನೆಲಕ್ಕೆ. “ಇನ್ನೊಂದು ಜಾಗವೂ ಹೋಯಿತೋ, ನಿಮ್ಮನ್ನು ಅಲ್ಲೇ ಹೂಳ್ತೇನೆ.”

ನ್ಯಾಯವೇ. ಹೂಳು.

ಮಾರ್ಚ್ 31, ಕೊಚ್ಚಿ. ಲಾಡ್ಜ್. ಮಧ್ಯಾಹ್ನ 1.20

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮುರಿದಿದೆ.

ಆಸ್ಪತ್ರೆಯಿಂದ ಹಿಂಬಾಲಿಸಿ ಬಂದವನು ಯಶವಂತ್. ಅಂಬಲಮುಗಳ್‌ನಲ್ಲಿ ಬೇರಿನ ಸತ್ವ ತೆಗೆಯುವ ಶೆಡ್ಡಿದೆಯಂತೆ. ಶುರುವೇ ಕನ್ನಡದಲ್ಲಿ—“ಎಂತ ಮಾರಾಯ್ರೆ, ನೀವೂ ಕಾಸರಗೋಡು, ನಾನೂ ಕಾಸರಗೋಡು! ಎರಡನೇ ಜಾಗ ಒಂದು ಹೇಳಿಬಿಡಿ. ಚಾ ಕುಡಿದು ಹೋಗ್ತೇವೆ.” ಹಿಂದೆ ಇಬ್ಬರು. ಕಬ್ಬಿಣದ ರಾಡು.

“ನಡೆಯೋ ಆಚೆ!” ಗರ್ಜಿಸಿದೆ. ಕಿಟಕಿಯ ಗಾಜು ಅದುರಿತು.

“ಸ್ವರ ಭಾರೀ ಉಂಟು. ನಿಮಗೆ ಮೈಕ್ ಬೇಡ.”

ರಾಡು ಇಳಿಯಿತು. ಮೊಣಕೈ. ಮತ್ತೆ—ಮಣಿಕಟ್ಟು. ಮೂಳೆಯ ಸದ್ದು ಕೇಳಿಸಿತು. ಮೂರನೆಯದು ಬೀಳುವ ಮೊದಲೇ... ಹೇಳಿಬಿಟ್ಟೆ. ಹಳ್ಳ, ಬಂಡೆ, ಎಡಕ್ಕೆ ಎಷ್ಟು ಹೆಜ್ಜೆ. ಅಷ್ಟು ಸ್ಪಷ್ಟ ಉಚ್ಚಾರ ನನಗೆ ಜನ್ಮದಲ್ಲಿ ಬಂದಿರಲಿಲ್ಲ!

1.40

ಪೊಲೀಸರಿಗೆ ಫೋನ್. ಗುಡ್ಡ ಮುಟ್ಟಲು ಮೂರು ಗಂಟೆಯಾದರೂ ಬೇಕಂತೆ. ದಾಮೋದರನಿಗೂ ಮಾಡಿದೆ, ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಬೈಯಲಿಲ್ಲ.

“ಅಕ್ಕ ಬೆಳಿಗ್ಗೆಯೇ ಆಸ್ಪತ್ರೆ ಬಿಟ್ಟು ಹೋದಳು, ಸಾರೇ. ಕೈಗೆ ಮದ್ದು ಬೇಕಂತ, ಬಳ್ಳಿ ಕೊಯ್ಯಲಿಕ್ಕೆ. ಉಳಿದ ಆ ಎರಡನೇ ಜಾಗಕ್ಕೇ. ಒಬ್ಬಳೇ. ಫೋನೂ ಒಯ್ದಿಲ್ಲ.”

ಜೀಪು ತರುತ್ತಿದ್ದಾನೆ. ನಾನೂ ಹೊರಟೆ. ಯಶವಂತನ ಕಡೆಯವರು ಇಪ್ಪತ್ತು ನಿಮಿಷ ಮುಂದಿದ್ದಾರೆ. ಕೆಳಗೆ ಹಾರ್ನ್. ಒಂದು ಕೈಯಲ್ಲಿ ಶೂ ದಾರ ಕಟ್ಟಲಾಗುತ್ತಿಲ್ಲ, ಬರಿಗಾಲಲ್ಲೇ—