ಇಲ್ಲೇ ಓಡಾಡಿಕೊಂಡಿದ್ದೀವಿ

ಸಮೋರಾ, ಸ್ಪೇನ್, ನವೆಂಬರ್ ೯

ಮನೆ ಮಾಲೀಕರಾದ ಮಿಸ್ಟರ್ ಪೆಂಡಲ್ ಅವರಿಗೆ,

ಮೂರನೇ ಮಹಡಿಯ ಫೆರ್ಮಿನ್ ಮಾಡುವ ವಂದನೆಗಳು. ‘ಹೌ ಡು ಯು ಡು’ ಎಂದೇ ಶುರುಮಾಡೋಣವೆಂದಿದ್ದೆ. ಅದಕ್ಕೆ ಉತ್ತರವೂ ‘ಹೌ ಡು ಯು ಡು’ವೇ ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳಿದ ನೆನಪು. ಹಾಗಾದರೆ ನಿಮ್ಮ ಇಂಗ್ಲೆಂಡಿನಲ್ಲಿ ಯಾರ ಕ್ಷೇಮವೂ ಯಾರಿಗೂ ತಿಳಿಯುವುದಿಲ್ಲವೇ? ಇರಲಿ.

ಮೊನ್ನೆ ಮೆಟ್ಟಿಲಲ್ಲಿ ನೀವು ‘ಕೆ ತಾಲ್?’ ಎಂದು ಕ್ಷೇಮ ಕೇಳಿದಿರಿ. ನಾನು ‘ಆಕಿ ಆಂದಾಮೋಸ್’, ಅಂದರೆ ‘ಇಲ್ಲೇ ಓಡಾಡಿಕೊಂಡಿದ್ದೀವಿ’ ಎಂದೆ. ಆ ಬಹುವಚನ ಹಿಡಿದುಕೊಂಡು, ಈಗ ಒಬ್ಬರ ಹೆಸರಲ್ಲಿರುವ ಮನೆಯಲ್ಲಿ ಇನ್ನೊಬ್ಬರು ಯಾರು, ಖಾಲಿ ಮಾಡಿ ಎಂದು ನಿಮ್ಮ ನೋಟಿಸು ಬಂತು. ಸ್ವಾಮಿ, ಇಲ್ಲಿ ಒಂಟಿಯಾದವರೂ ಹಾಗೇ ಅನ್ನುವುದು. ಬ್ರೆಡ್ಡಿನಂಗಡಿಯ ಕಾಸಿಲ್ದಾ, “ಏನಯ್ಯಾ ಫೆರ್ಮಿನ್, ಇನ್ನೂ ಟಿಕೆಟ್ ತಗೊಂಡಿಲ್ವಾ?” ಅಂದರೂ, “ಇಲ್ಲೇ ಓಡಾಡ್ಕೊಂಡಿದ್ದೀವಿ ಕಣಮ್ಮ, ನಿನ್ನ ಬ್ರೆಡ್ ತಿಂದೂ!” ಅನ್ನುತ್ತೇನೆ.

ಮನೆಯಲ್ಲಿ ನಾನೊಬ್ಬನೇ. ಹೆಂಡತಿ ಬೆನಿಲ್ದೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಿಮಗೆ ನಂಬಿಕೆ ಬರಲೆಂದು ನಿನ್ನೆ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಕ್ಷೇಮ ಕೇಳಿದ ಎದುರುಮನೆಯವರಿಗೆ ಏಕವಚನದಲ್ಲೇ ಉತ್ತರಿಸಿದೆ: “ಆಕಿ ಆಂದೋ. ಇಲ್ಲೇ ಓಡಾಡ್ಕೊಂಡಿದ್ದೀನಿ.” ಅಷ್ಟಂದದ್ದೇ ತಡ, ಹಿಂದೆ ಅಡುಗೆಮನೆಯಲ್ಲಿ ಬೆನಿಲ್ದೆಯ ಬಟ್ಟಲಲ್ಲಿ ಸಕ್ಕರೆ ಕದಡುತ್ತಿದ್ದ ಚಮಚದ ಸದ್ದು ನಿಂತುಹೋಯಿತು. ಇವತ್ತೂ ಕೇಳಿಸಿಲ್ಲ.

ದಯವಿಟ್ಟು ನೋಟಿಸು ವಾಪಸು ತೆಗೆದುಕೊಳ್ಳಿ. ಇನ್ನೊಂದು ಕೋರಿಕೆ: ನಾಳೆ ಬೆಳಿಗ್ಗೆ ನಮ್ಮ ಬಾಗಿಲು ತೆರೆದೇ ಇರುತ್ತದೆ. ಮೆಟ್ಟಿಲಿಳಿಯುವಾಗ ಸ್ವಲ್ಪ ಗಟ್ಟಿಯಾಗಿ ಇನ್ನೊಮ್ಮೆ ಕ್ಷೇಮ ಕೇಳಿ. ಈ ಸಲ ಸರಿಯಾಗಿ, ಬಹುವಚನದಲ್ಲೇ ಹೇಳುತ್ತೇನೆ.

ಇಂತಿ, ನಿಮ್ಮ ಬಾಡಿಗೆಯವರು,
ಫೆರ್ಮಿನ್ ಆರ್ರಿಬಾಸ್